ದುಬೈನಿಂದ ಸ್ಯಾಟಲೈಟ್ ಫೋನ್ ತರಿಸಲೇ?

ಪ್ರಶ್ನೆ: ನಮ್ಮ ಊರು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದೆ. ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಮನೆಯಲ್ಲಿ ಯಾವ ಸಿಮ್ಮಿಗೂ ಸಿಗ್ನಲ್ ಇಲ್ಲ. ಫೋನ್ ಮಾಡಬೇಕಾದರೆ ಒಂದೂವರೆ ಕಿ.ಮೀ. ನಡೆದು ದಿಣ್ಣೆ ಹತ್ತಬೇಕು. ಸಂಜೆಯಾದ ಮೇಲೆ ಆನೆ ಭಯ. ದುಬೈನಲ್ಲಿರುವ ಭಾವ ಮುಂದಿನ ತಿಂಗಳು ಬರುವಾಗ ಸ್ಯಾಟಲೈಟ್ ಫೋನ್ ತರುತ್ತೇನೆ ಅನ್ನುತ್ತಿದ್ದಾರೆ. ಟವರ್ ಇಲ್ಲದೆ ಅದು ಹೇಗೆ ಕೆಲಸ ಮಾಡುತ್ತದೆ? ಇನ್ನು ಮುಂದೆ ಮಾಮೂಲಿ ಮೊಬೈಲೇ ಸ್ಯಾಟಲೈಟಿಗೆ ಸಿಗುತ್ತದಂತೆ, ನಿಜವಾ? ನಾವು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಭಾವನಿಗೆ ಒಂದು ಮೆಸೇಜ್ ಹಾಕಿಬಿಡಿ. ಆ ಫೋನ್ ಕೊಳ್ಳಬೇಡಿ, ಕೊಂಡಿದ್ದರೆ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ ಅಂತ. ಕಾರಣ ಆಮೇಲೆ ಹೇಳುತ್ತೇನೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ, ಯಾಕೆ ತರಬಾರದು ಅನ್ನೋದೂ ಅರ್ಧ ತಿಳಿದ ಹಾಗೆ.

"ಟವರ್ ಇಲ್ಲದೆ" ಅಂತ ಬರೆದಿದ್ದೀರಿ. ಟವರ್ ಇಲ್ಲದ ಮೊಬೈಲ್ ಅಂತ ಯಾವುದೂ ಇಲ್ಲ. ಸ್ಯಾಟಲೈಟ್ ಫೋನಿಗೂ ಟವರ್ ಇದೆ. ಅದು ಊರಾಚೆಯ ದಿಬ್ಬದ ಮೇಲೆ ನಿಲ್ಲುವ ಬದಲು ಆಕಾಶದಲ್ಲಿದೆ, ಅಷ್ಟೇ. ಟವರ್ ಅಷ್ಟು ದೂರ ಹೋದಾಗ ಏನೇನು ಬದಲಾಗುತ್ತದೆ ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಮೊದಲು ನೆಲದ ಟವರ್ ನೋಡೋಣ. ನೀವು ಮೈಸೂರಿನಿಂದ ಮಂಡ್ಯಕ್ಕೆ ಫೋನ್ ಮಾಡಿದರೆ ನಿಮ್ಮ ಮಾತು ಗಾಳಿಯಲ್ಲಿ ಹೋಗುವುದು ನಿಮ್ಮ ಬಡಾವಣೆಯ ಟವರ್ ತನಕ ಮಾತ್ರ, ಹೆಚ್ಚೆಂದರೆ ಒಂದೆರಡು ಕಿ.ಮೀ. ಅಲ್ಲಿಂದ ಅದು ಸಾಮಾನ್ಯವಾಗಿ ನೆಲದೊಳಗಿನ ಫೈಬರ್ ಹಿಡಿಯುತ್ತದೆ. ಮಂಡ್ಯದಲ್ಲಿ ಇನ್ನೊಂದು ಟವರ್ ಹತ್ತಿ, ಕೊನೆಯ ಸ್ವಲ್ಪ ದೂರ ಮತ್ತೆ ಗಾಳಿ. ಅಂದರೆ ಟವರಿನ ಬುಡಕ್ಕೆ ಕರೆಂಟ್ ಬೇಕು. ಫೈಬರ್ ಬೇಕು, ಇಲ್ಲವೇ ಕಣ್ಣಳತೆಯಲ್ಲಿ ಇನ್ನೊಂದು ಟವರ್ ಬೇಕು. ರಿಪೇರಿಗೆ ಹೋಗಲು ದಾರಿ ಬೇಕು. ಖರ್ಚು ಗಿಟ್ಟಲು ಗ್ರಾಹಕರೂ ಬೇಕು. ಮೈಸೂರು–ಬೆಂಗಳೂರು ರಸ್ತೆಯ ಇಕ್ಕೆಲಗಳಲ್ಲಿ ಇದೆಲ್ಲ ಇದೆ. ಅಂತರಸಂತೆ ದಾಟಿ ಕಾಡಿನೊಳಗೆ ಹೊಕ್ಕರೆ ಒಂದೊಂದಾಗಿ ಕೈಕೊಡುತ್ತದೆ. ಜೊತೆಗೆ ಅರಣ್ಯ ಭೂಮಿ ಅಂದಮೇಲೆ ಅನುಮತಿಯ ಕಾಗದಗಳೂ ಓಡಾಡಬೇಕು. ನಾನು ಮೂವತ್ತು ವರ್ಷ ಟೆಲಿಕಾಂನಲ್ಲಿ ಈ ಟವರುಗಳ ಕೆಲಸವನ್ನೇ ಮಾಡಿದವನು. ನಿಮ್ಮೂರಿನಂಥ ಊರುಗಳು ನಕ್ಷೆಯಲ್ಲಿ ಬಿಳಿಯಾಗೇ ಉಳಿಯುವುದನ್ನು ನೋಡಿ ನೋಡಿ ಸಾಕಾಗಿದೆ.

ಇಂಥ ಕಡೆ ಟವರನ್ನು ಮೇಲಕ್ಕೆ ಕಳಿಸಿದರೆ ಕರೆಂಟಿಗೆ ಬಿಸಿಲಿದೆ, ಟವರ್ ನಿಲ್ಲಿಸಲು ಕಾಡು ಬೆಟ್ಟ ಅಡ್ಡ ಬರುವುದಿಲ್ಲ, ಒಂದೇ ಟವರಿಗೆ ನೂರಾರು ಕಿ.ಮೀ. ನೆಲ ಕಾಣುತ್ತದೆ. ಕೇಳಲು ಚೆನ್ನಾಗಿದೆ. ತೊಂದರೆ ಇರುವುದು ದೂರದಲ್ಲಿ.

ನಿಮ್ಮ ಕೈಯಲ್ಲಿರುವ 4ಜಿ ಫೋನ್ ಹೊರಡಿಸುವ ಶಕ್ತಿ ಹೆಚ್ಚೆಂದರೆ 0.2 ವ್ಯಾಟ್. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟರು. ಅವರ ಆ ಪುಟ್ಟ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ನಿಮ್ಮ ಫೋನಿನದು ಅದರ 150ರಲ್ಲಿ ಒಂದು ಪಾಲು. ಇಷ್ಟು ಸಣ್ಣ ದನಿ ಎರಡು ಕಿ.ಮೀ. ಆಚೆಯ ಟವರಿಗೆ ಕೇಳಿಸುತ್ತದೆ. ದೂರ ಎರಡು ಪಟ್ಟಾದರೆ ದನಿ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲು. ಈ ಲೆಕ್ಕದಲ್ಲಿ 550 ಕಿ.ಮೀ. ಎತ್ತರದ ಸ್ಯಾಟಲೈಟಿಗೆ ತಲುಪುವಾಗ ಅದು 2 ಕಿ.ಮೀ.ಗೆ ತಲುಪುವ ದನಿಯ 75 ಸಾವಿರದಲ್ಲಿ ಒಂದು ಪಾಲು. ಅದೂ ಸ್ಯಾಟಲೈಟ್ ನೆತ್ತಿಯ ಮೇಲೇ ಇದ್ದಾಗ. ದಸರಾ ರಾತ್ರಿ ಚಾಮುಂಡಿ ಬೆಟ್ಟದಿಂದ ಅರಮನೆ ನೋಡಿದ್ದೀರಲ್ಲ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಉರಿದಾಗ ಅದು ಹಾಗೆ ಕಾಣುತ್ತದೆ. ಅದರಲ್ಲಿ ಒಂದೇ ಒಂದು ಬಲ್ಬ್ ಹತ್ತಿಸಿ, ಅದು ಮಿಣುಕುವುದನ್ನು ಬೆಟ್ಟದ ಮೇಲಿಂದ ಓದಿ ಅಂದರೆ? ಸ್ಯಾಟಲೈಟ್ ಮಾಡಬೇಕಾಗಿರುವುದು ಹೆಚ್ಚುಕಮ್ಮಿ ಇಂಥದೇ ಕೆಲಸ.

ಇದಕ್ಕೆ ಹಳೆಯ ಉಪಾಯ ಮೂರು. ಫೋನಿನ ದನಿ ಜಾಸ್ತಿ ಮಾಡು, ಸ್ಯಾಟಲೈಟಿನ ಕಿವಿ ದೊಡ್ಡದು ಮಾಡು, ಮಾತು ಕಮ್ಮಿ ಮಾಡು. ಸ್ಯಾಟಲೈಟ್ ಫೋನಿನ ತಲೆಯ ಮೇಲೆ ಹೆಬ್ಬೆರಳು ದಪ್ಪದ ಆಂಟೆನಾ ಇರುವುದು ಮೊದಲನೆಯದಕ್ಕೆ. ಮಾತು ಕಮ್ಮಿ ಮಾಡುವುದು ಅಂದರೆ, ದನಿಯನ್ನು ಹಿಂಡಿ ಹಿಂಡಿ ಚಿಕ್ಕದು ಮಾಡುವುದು. ಇರಿಡಿಯಂ ಎಂಬ ಅಮೆರಿಕದ ಕಂಪನಿಯ ಸ್ಯಾಟಲೈಟ್ ಫೋನಿನಲ್ಲಿ ದನಿ ಸೆಕೆಂಡಿಗೆ 2.4 ಕಿಲೋಬಿಟ್‌ನಲ್ಲಿ ಹೋಗುತ್ತದೆ. ನಮ್ಮ 4ಜಿ ಕರೆಗಳಲ್ಲಿ ಅದರ ಐದಾರು ಪಟ್ಟಾದರೂ ಇರುತ್ತದೆ. ಹಾಗಾಗಿ ಸ್ಯಾಟಲೈಟ್ ಫೋನಿನ ದನಿ ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ಮಾತು ಅರ್ಥವಾಗುತ್ತದೆ, ಆದರೆ ಆಡಿದ್ದು ಅಪ್ಪನೋ ಚಿಕ್ಕಪ್ಪನೋ ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಸ್ಯಾಟಲೈಟಿನ ಕಿವಿ, ಅಂದರೆ ಅದರ ಆಂಟೆನಾ, ಅದರ ವಿಷಯಕ್ಕೆ ಬಂದರೆ ಎರಡು ಪಂಥ ಇದೆ.

ಒಂದು, ಸ್ಯಾಟಲೈಟನ್ನು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಇಡುವುದು. ಅಲ್ಲಿ ಅದು ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನಿಮ್ಮ ಡಿಟಿಎಚ್ ಟಿ.ವಿ.ಯ ಸ್ಯಾಟಲೈಟೂ ಅಲ್ಲೇ ಇರುವುದು. 1979ರಲ್ಲಿ ಹಡಗುಗಳಿಗಾಗಿ ಹುಟ್ಟಿದ ಇನ್ಮಾರ್ಸ್ಯಾಟ್ ಈ ಪಂಥದ್ದು, ದುಬೈನ ಅಂಗಡಿಗಳಲ್ಲಿ ಸಿಗುವ ಥುರಾಯಾ ಕೂಡ. ಮೂರು ನಾಲ್ಕು ಸ್ಯಾಟಲೈಟ್ ಇದ್ದರೆ ಧ್ರುವಗಳ ಹತ್ತಿರದ ಪ್ರದೇಶ ಬಿಟ್ಟು ಭೂಮಿಯನ್ನೆಲ್ಲ ಮುಚ್ಚಬಹುದು. ಆದರೆ ಅಷ್ಟು ದೂರದಿಂದ ಕೇಳಿಸಿಕೊಳ್ಳಲು ಭಾರಿ ಕಿವಿ ಬೇಕು. ಥುರಾಯಾದ ಸ್ಯಾಟಲೈಟಿಗೆ 12 ಮೀಟರ್ ಅಗಲದ ಜಾಲರಿಯ ಕೊಡೆ ಇದೆ, ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ. ನಮ್ಮ ಇಸ್ರೋ 2015ರ ಆಗಸ್ಟ್‌ನಲ್ಲಿ ಹಾರಿಸಿದ ಜಿಸ್ಯಾಟ್-6ಕ್ಕೂ 6 ಮೀಟರಿನ ಇಂಥದೇ ಕೊಡೆ ಇತ್ತು. ಅದರ ಹಿಡಿತ ನಮ್ಮ ಪಕ್ಕದ ಹಾಸನದ ನಿಯಂತ್ರಣ ಕೇಂದ್ರದಲ್ಲಿತ್ತು. ತಮ್ಮನಂತಿದ್ದ ಜಿಸ್ಯಾಟ್-6ಎ 2018ರ ಮಾರ್ಚ್‌ನಲ್ಲಿ ಹಾರಿ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು, ಪಾಪ.

ಈ ಪಂಥದ ಇನ್ನೊಂದು ಕಿರಿಕಿರಿ ತಡ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್. ಉತ್ತರ ಬರಲು ಇನ್ನೊಂದು ಕಾಲು. ಅರ್ಧ ಸೆಕೆಂಡ್ ಏನು ಮಹಾ ಅನಿಸಬಹುದು. ಮಾತಾಡಿ ನೋಡಿ. ನೀವು "ಊಟ ಆಯ್ತಾ" ಅಂತೀರಿ, ಆ ಕಡೆ ಸದ್ದಿಲ್ಲ, ಕೇಳಿಸಲಿಲ್ಲವೇನೋ ಅಂತ ಮತ್ತೆ "ಊಟ ಆಯ್ತಾ" ಅಂತೀರಿ, ಅಷ್ಟರಲ್ಲಿ ಮೊದಲನೆಯದರ ಉತ್ತರ ಬಂದು ಎರಡೂ ಡಿಕ್ಕಿ ಹೊಡೆಯುತ್ತವೆ. ಪೊಲೀಸ್ ವೈರ್‌ಲೆಸ್ಸಿನವರ ಹಾಗೆ ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು ರೂಢಿಯಾಗಬೇಕು.

ನಮಗೆ ಒಂದು ಲಾಭ ಇದೆ. ಮೈಸೂರು ಇರುವುದು ಭೂಮಧ್ಯರೇಖೆಯಿಂದ 12 ಡಿಗ್ರಿ ಉತ್ತರಕ್ಕೆ ಮಾತ್ರ. ಆದ್ದರಿಂದ ಈ ಸ್ಯಾಟಲೈಟುಗಳು ನಮಗೆ ಸಾಕಷ್ಟು ಎತ್ತರದಲ್ಲಿ, ನೆತ್ತಿಯಿಂದ ತುಸು ದಕ್ಷಿಣಕ್ಕೆ ಕಾಣುತ್ತವೆ. ಮುಂದೆ ದೆಹಲಿಗೆ ಹೋದಾಗ ಡಿಟಿಎಚ್ ಡಿಶ್ಶುಗಳನ್ನು ನೋಡಿ, ನಮ್ಮವುಗಳಷ್ಟು ಅಂಗಾತ ಮಲಗಿರುವುದಿಲ್ಲ.

ಎರಡನೆಯ ಪಂಥ, ಸ್ಯಾಟಲೈಟನ್ನು ಹತ್ತಿರ ತರುವುದು. ಇರಿಡಿಯಂ ಇರುವುದು ಸುಮಾರು 780 ಕಿ.ಮೀ. ಮೇಲೆ. ತಡ ಗೊತ್ತಾಗುವುದಿಲ್ಲ, ಕಿವಿ ಅಷ್ಟು ದೊಡ್ಡದಿರಬೇಕಿಲ್ಲ. ಆದರೆ ಹತ್ತಿರ ಇರುವ ಸ್ಯಾಟಲೈಟ್ ಓಡುತ್ತಲೇ ಇರಬೇಕು, ನಿಂತರೆ ಬೀಳುತ್ತದೆ. ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಮೈಸೂರಿನಿಂದ ಬೆಂಗಳೂರಿಗೆ 20 ಸೆಕೆಂಡ್ ಕೂಡ ಬೇಡ. ಕಾರಿನಲ್ಲಿ ಹೋಗುವಾಗ ಟವರ್ ನಿಂತಿರುತ್ತದೆ, ನೀವು ಒಂದು ಟವರಿಂದ ಇನ್ನೊಂದಕ್ಕೆ ದಾಟುತ್ತೀರಿ. ಇಲ್ಲಿ ನೀವು ಜಗಲಿಯ ಮೇಲೆ ಕೂತಿರುತ್ತೀರಿ, ಟವರ್ ಓಡುತ್ತದೆ. ಒಂದು ಸ್ಯಾಟಲೈಟ್ ನಿಮಗೆ ಕಾಣುವುದು ಹತ್ತು ನಿಮಿಷದ ಆಸುಪಾಸು. ಅದು ಮುಳುಗುವ ಮೊದಲು ಕರೆಯನ್ನು ಇನ್ನೊಂದಕ್ಕೆ ಕೊಟ್ಟುಬಿಡಬೇಕು. ಹಾಗಾಗಿ ಯಾವಾಗಲೂ ಒಂದಾದರೂ ಮೇಲಿರಲಿ ಅಂತ 66 ಸ್ಯಾಟಲೈಟುಗಳನ್ನು ಆರು ಸಾಲಿನಲ್ಲಿ ಸುತ್ತಿಸುತ್ತಾರೆ.

ಇರಿಡಿಯಂ ಅನ್ನುವುದು 77ನೇ ಮೂಲವಸ್ತುವಿನ ಹೆಸರು. ಮೊದಲು 77 ಸ್ಯಾಟಲೈಟ್ ಅಂತ ಲೆಕ್ಕ ಹಾಕಿ ಆ ಹೆಸರಿಟ್ಟರು. ಆಮೇಲೆ 66 ಸಾಕು ಅನಿಸಿತು. 66ನೇ ಮೂಲವಸ್ತು ಡಿಸ್ಪ್ರೋಸಿಯಂ. ಆ ಹೆಸರಲ್ಲಿ ಫೋನ್ ಮಾರಲು ಯಾರಿಗೂ ಧೈರ್ಯ ಬರಲಿಲ್ಲವೇನೋ! 1998ರ ನವೆಂಬರ್‌ನಲ್ಲಿ ಸೇವೆ ಶುರುವಾಯಿತು, 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ. ಸುಮಾರು 500 ಕೋಟಿ ಡಾಲರ್ ಸುರಿದು ಕಟ್ಟಿದ್ದನ್ನು ಕೊನೆಗೆ ಎರಡೂವರೆ ಕೋಟಿ ಡಾಲರಿಗೆ ಮಾರಿದರು. ತಂತ್ರಜ್ಞಾನ ಸೋಲಲಿಲ್ಲ. ಅದನ್ನು ಕಟ್ಟುವ ಹೊತ್ತಿಗೆ ನೆಲದ ಟವರುಗಳು ಊರೂರಿಗೆ ಬಂದುಬಿಟ್ಟವು. ಇಟ್ಟಿಗೆ ಗಾತ್ರದ ದುಬಾರಿ ಫೋನ್ ಹಿಡಿದು ಬಯಲಿಗೆ ಬಂದು ಮಾತಾಡುವ ಅಗತ್ಯ ಪೇಟೆಯವರಿಗೆ ಉಳಿಯಲಿಲ್ಲ. ಹಡಗು, ಮರುಭೂಮಿ, ಹಿಮ, ಸೈನ್ಯ, ಇವರನ್ನು ನಂಬಿ ಅದು ಮತ್ತೆ ಎದ್ದು ನಿಂತಿತು. 2017ರಿಂದ 2019ರ ನಡುವೆ ಸ್ಯಾಟಲೈಟುಗಳನ್ನೂ ಹೊಸದಾಗಿ ಹಾಕಿಕೊಂಡರು.

ಬಯಲಿಗೆ ಬಂದು ಅಂದೆನಲ್ಲ, ನಿಮ್ಮೂರಿನ ಮಟ್ಟಿಗೆ ಅದೇ ದೊಡ್ಡ ವಿಷಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ನಾನು ಟವರ್ ರಿಪೇರಿಯವರ ಜೊತೆ ಅಲ್ಲಿದ್ದೆ. ಟವರುಗಳು ಬಿದ್ದಿರಲಿಲ್ಲ. ಕರೆಂಟ್ ಹೋಗಿತ್ತು, ಜನರೇಟರಿಗೆ ಡೀಸೆಲ್ ತರಲು ದಾರಿ ಇರಲಿಲ್ಲ, ರಸ್ತೆ ಕೊಚ್ಚಿಹೋದ ಕಡೆ ಅದರ ಜೊತೆ ಫೈಬರೂ ಹೋಗಿತ್ತು. ಒಂದು ಸ್ಯಾಟಲೈಟ್ ಫೋನ್ ಬಂತು. ತಂದವರು ಅದನ್ನು ಜೀಪಿನೊಳಗೆ ಕೂತು ಒತ್ತಿದರು, ಹತ್ತಲಿಲ್ಲ. ಕೆಳಗಿಳಿದು ಸಿಲ್ವರ್ ಓಕ್ ಮರದ ಕೆಳಗೆ, ಮಳೆಗೆ ನೆನೆಯಬಾರದು ಅಂತ, ನಿಂತು ಒತ್ತಿದರು, ಹತ್ತಲಿಲ್ಲ. "ಏನ್ರೀ ಇದು, ಮಳೆಗೆ ಸಿಗ್ನಲ್ ಇಲ್ಲ" ಅಂತ ನನ್ನ ಕೈಗೆ ಕೊಟ್ಟರು. ಮಳೆಯ ತಪ್ಪು ಏನೂ ಇರಲಿಲ್ಲ. ಮನೆಯ ಡಿಟಿಎಚ್ ಮಳೆಗೆ ಕೈಕೊಡುತ್ತದೆ, ಅದರ ಅಲೆ ತೀರಾ ಗಿಡ್ಡ. ಈ ಫೋನುಗಳು ಬಳಸುವ 1.6 ಗಿಗಾಹರ್ಟ್ಸ್ ಆಸುಪಾಸಿನ ಅಲೆಗೆ ಮಳೆ ಲೆಕ್ಕಕ್ಕಿಲ್ಲ. ಅಡ್ಡ ಬರುವುದು ಜೀಪಿನ ತಗಡು, ಮನೆಯ ಸೂರು, ಒದ್ದೆ ಎಲೆಗಳ ದಟ್ಟ ಕೊಂಬೆ. ಶಾಲೆಯ ಆಟದ ಬಯಲಿಗೆ ನಡೆದು, ಆಂಟೆನಾ ಮೇಲಕ್ಕೆ ಎತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಸಿಕ್ಕಿತು. ಮೈಯೆಲ್ಲ ತೊಪ್ಪೆಯಾಗಿತ್ತು.

ಈಗ ನಿಮ್ಮ ಮನೆಗೆ ಬನ್ನಿ. ಅಪ್ಪನಿಗೆ ರಾತ್ರಿ ಎದೆನೋವು ಅಂದರೆ ಅಮ್ಮ ಆ ಫೋನ್ ಹಿಡಿದು ಹೊರಗೆ ಬರಬೇಕು, ಮರವಿಲ್ಲದ ಕಡೆ ನಿಲ್ಲಬೇಕು, ಸ್ಯಾಟಲೈಟ್ ಸಿಗುವ ತನಕ ಕಾಯಬೇಕು. ನೀವು ಮೈಸೂರಿನಿಂದ ಕರೆ ಮಾಡಿದರೆ? ಫೋನ್ ಮನೆಯೊಳಗೆ ಮೇಜಿನ ಮೇಲಿದ್ದರೆ ರಿಂಗೇ ಆಗುವುದಿಲ್ಲ. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ?

ಇನ್ನು ಕಾನೂನು. ಭಾರತದಲ್ಲಿ ಅನುಮತಿ ಇಲ್ಲದೆ ಥುರಾಯಾ ಅಥವಾ ಇರಿಡಿಯಂ ಫೋನ್ ತರುವುದು, ಇಟ್ಟುಕೊಳ್ಳುವುದು ಅಪರಾಧ. ಚಾರಣಿಗರು ಬೆಲ್ಟಿಗೆ ಸಿಕ್ಕಿಸುವ ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಾಧನಕ್ಕೂ ಇದೇ ನಿಯಮ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದು ಪೊಲೀಸ್ ಠಾಣೆ ಕಂಡಿದ್ದಾರೆ. 2008ರ ನವೆಂಬರಿನ ಮುಂಬೈ ದಾಳಿಕೋರರು ಬಿಟ್ಟುಹೋದ ಕುಬೇರ ಎಂಬ ದೋಣಿಯಲ್ಲಿ ಸ್ಯಾಟಲೈಟ್ ಫೋನ್ ಸಿಕ್ಕಿತ್ತು. ಆಮೇಲೆ ಹಿಡಿತ ಇನ್ನೂ ಬಿಗಿಯಾಯಿತು. ಇದರ ಹಿಂದಿನ ಕಾರಣವೂ ಟವರ್ ಎಲ್ಲಿದೆ ಅನ್ನುವುದೇ. ನೆಲದ ಟವರಿನ ಕರೆ ನಮ್ಮ ದೇಶದ ಎಕ್ಸ್‌ಚೇಂಜ್ ಮೂಲಕ ಹೋಗುತ್ತದೆ, ಕೋರ್ಟು ಕಾನೂನಿನ ಪ್ರಕಾರ ಬೇಕಾದರೆ ಯಾರು ಯಾರಿಗೆ ಮಾಡಿದರು ಅಂತ ನೋಡಬಹುದು. ಇರಿಡಿಯಂ ಕರೆ ಸ್ಯಾಟಲೈಟಿನಿಂದ ಸ್ಯಾಟಲೈಟಿಗೆ ಮೇಲೆ ಮೇಲೇ ಜಿಗಿದು ಅಮೆರಿಕದ ಅರಿಜೋನಾದಲ್ಲಿ ಕೆಳಗಿಳಿಯಬಹುದು. ನಿಮ್ಮೂರಿಂದ ಮೈಸೂರಿಗೆ ಮಾತಾಡಿದರೂ ಅದು ನಮ್ಮ ನೆಲ ಮುಟ್ಟುವುದು ಕೊನೆಯಲ್ಲಿ ಮಾತ್ರ. ಸರ್ಕಾರ ಕೇಳುವುದು ಇಷ್ಟೇ, ಇಳಿಯುವ ಜಾಗ ಭಾರತದೊಳಗಿರಲಿ. ಬಿಎಸ್‌ಎನ್‌ಎಲ್ 2017ರಲ್ಲಿ ಶುರು ಮಾಡಿದ ಸ್ಯಾಟಲೈಟ್ ಫೋನ್ ಸೇವೆ ಇನ್ಮಾರ್ಸ್ಯಾಟ್‌ನದೇ ಆದರೂ ಅದರ ಗೇಟ್‌ವೇ, ಅಂದರೆ ಕರೆ ನೆಲಕ್ಕೆ ಇಳಿಯುವ ಕೇಂದ್ರ, ಗಾಜಿಯಾಬಾದ್‌ನಲ್ಲಿದೆ. ಮೊದಲು ಅದನ್ನು ಕೊಟ್ಟದ್ದು ವಿಪತ್ತು ನಿರ್ವಹಣೆ, ಪೊಲೀಸ್, ಗಡಿ ಕಾಯುವವರಂಥ ಸರ್ಕಾರಿ ಸಂಸ್ಥೆಗಳಿಗೆ. ನಿಮ್ಮ ಭಾವ ತರುವ ಫೋನಿಗೆ ಈ ದಾರಿ ಇಲ್ಲ. ಖರ್ಜೂರ ತರಲಿ, ಸಾಕು.

ಮಾಮೂಲಿ ಮೊಬೈಲೇ ಸ್ಯಾಟಲೈಟಿಗೆ ಸಿಗುತ್ತದಾ ಅನ್ನುವುದು ನಿಮ್ಮ ಎರಡನೇ ಪ್ರಶ್ನೆ. ಸಿಗುತ್ತದೆ. ಇದು ಗಾಳಿಸುದ್ದಿ ಅಲ್ಲ. ನನ್ನಂಥ ಹಳಬನಿಗೂ ಇದು ಬೆರಗಿನ ವಿಷಯ.

ಯಾಕೆ ಬೆರಗು ಅಂದರೆ, ಮೊಬೈಲನ್ನು ಮಾಡಿರುವುದೇ ಹತ್ತಿರದ, ನಿಂತ ಟವರಿಗಾಗಿ. 2ಜಿ ಕಾಲದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಎತ್ತರದ ಜಾಗದಲ್ಲಿ ಫೋನಿನಲ್ಲಿ ಕಡ್ಡಿ ಕಾಣುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಜನ ನಮ್ಮನ್ನು ಬೈಯುತ್ತಿದ್ದರು. 2ಜಿಯಲ್ಲಿ ಫೋನ್ ತನ್ನ ಸರದಿ ಬಂದಾಗ ಮಾತ್ರ ಮಾತಾಡಬೇಕು. ದೂರದಿಂದ ಬರುವ ದನಿ ತಡವಾಗಿ ಬಂದು ಮುಂದಿನವನ ಸರದಿಯ ಮೇಲೆ ಬೀಳದಿರಲಿ ಅಂತ ಟವರ್ ಅದಕ್ಕೆ "ನೀನು ಇಷ್ಟು ಮುಂಚೆ ಹೇಳು" ಅನ್ನುತ್ತದೆ. ಆ ಹೊಂದಾಣಿಕೆ ಮಾಮೂಲಿಯಾಗಿ ಸುಮಾರು 35 ಕಿ.ಮೀ.ಗೆ ಮುಗಿಯುತ್ತದೆ. ಅದರಾಚೆ ಎಷ್ಟೇ ಜೋರಾಗಿ ಕೇಳಿಸಿದರೂ ಪ್ರಯೋಜನ ಇಲ್ಲ. ಇಂಥ ಫೋನನ್ನು 550 ಕಿ.ಮೀ. ಆಚೆ ಓಡುತ್ತಿರುವ ಟವರಿಗೆ ಸೇರಿಸುವುದು ಹೇಗೆ? ಓಡುವ ರೈಲಿನ ಶಿಳ್ಳೆ ಹತ್ತಿರ ಬರುವಾಗ ಒಂದು ಸ್ವರ, ದಾಟಿದ ಮೇಲೆ ಇನ್ನೊಂದು ಸ್ವರ ಆಗುವಂತೆ, ಸ್ಯಾಟಲೈಟಿನ ಅಲೆಯ ಸ್ವರವೂ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಸ್ವರವನ್ನೂ ಸಮಯವನ್ನೂ ಸ್ಯಾಟಲೈಟಿನ ಕಡೆಯವರೇ ಮೊದಲೇ ಲೆಕ್ಕ ಹಾಕಿ ತಿದ್ದಿ ಕಳಿಸುತ್ತಾರೆ. ಫೋನಿಗೆ ತಾನು ಪಕ್ಕದ ಬೀದಿಯ ಟವರಿನ ಜೊತೆ ಮಾತಾಡುತ್ತಿದ್ದೇನೆ ಅಂತಲೇ ಅನಿಸುತ್ತದೆ. ಒಂದು ರೀತಿ ಒಳ್ಳೆಯ ಮೋಸ. 2022ರಲ್ಲಿ ಬಂದ ಹೊಸ ಮಾನದಂಡದ ಪ್ರಕಾರ ಮಾಡಿದ ಫೋನುಗಳಾದರೆ ಈ ಲೆಕ್ಕವನ್ನು ಜಿಪಿಎಸ್ ನೋಡಿ ತಾವೇ ಹಾಕಬಲ್ಲವು.

ದನಿ ಕ್ಷೀಣ ಅನ್ನುವ ಮೂಲ ತೊಂದರೆ ಮಾತ್ರ ಹಾಗೇ ಇದೆ. ಫೋನಿಗೆ ದೊಡ್ಡ ಆಂಟೆನಾ ಇಲ್ಲವಾದ್ದರಿಂದ ಕಿವಿ ಇನ್ನೂ ದೊಡ್ಡದಾಗಬೇಕು. ಎಎಸ್‌ಟಿ ಸ್ಪೇಸ್‌ಮೊಬೈಲ್ ಎಂಬ ಅಮೆರಿಕದ ಕಂಪನಿ 2022ರಲ್ಲಿ ಹಾರಿಸಿದ ಪ್ರಯೋಗದ ಸ್ಯಾಟಲೈಟಿನ ಆಂಟೆನಾ 64 ಚದರ ಮೀಟರ್. 2023ರ ಏಪ್ರಿಲ್‌ನಲ್ಲಿ ಅದರ ಮೂಲಕ ಟೆಕ್ಸಾಸಿನಿಂದ ಜಪಾನಿಗೆ ಅಂಗಡಿಯಲ್ಲಿ ಸಿಗುವ ಸ್ಯಾಮ್‌ಸಂಗ್ ಫೋನಿನಲ್ಲೇ ಮಾತಾಡಿದರು. ಅದೇ ಕಂಪನಿಯ ಮುಂದಿನ ಸ್ಯಾಟಲೈಟನ್ನು 2025ರ ಡಿಸೆಂಬರ್ 24ರಂದು ಶ್ರೀಹರಿಕೋಟೆಯಿಂದ ನಮ್ಮ ಇಸ್ರೋದ ಎಲ್‌ವಿಎಂ3 ರಾಕೆಟ್ಟೇ ಒಯ್ದಿತು. ಅದರ ಆಂಟೆನಾ ಸುಮಾರು 2,400 ಚದರ ಅಡಿ. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಸರಿಯಾಗಿ ಒಂದು 40-60 ಸೈಟು. ಅಷ್ಟು ದೊಡ್ಡ ಸೈಟನ್ನು ಮಡಚಿ ಆಕಾಶಕ್ಕೆ ಒಯ್ದು ಬಿಡಿಸುತ್ತಾರೆ, ನಿಮ್ಮ 0.2 ವ್ಯಾಟಿನ ಪಿಸುಮಾತು ಕೇಳಿಸಿಕೊಳ್ಳಲು.

ಅಮೆರಿಕದ ಇನ್ನೊಂದು ಕಂಪನಿ ಸ್ಟಾರ್‌ಲಿಂಕ್‌ನವರು ಬೇರೆ ದಾರಿ ಹಿಡಿದು, ಚಿಕ್ಕ ಕಿವಿಯ ನೂರಾರು ಸ್ಯಾಟಲೈಟ್ ಬಿಟ್ಟಿದ್ದಾರೆ. ನ್ಯೂಜಿಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ, ಅಮೆರಿಕದಲ್ಲಿ 2025ರ ಜುಲೈನಿಂದ ಮಾಮೂಲಿ ಫೋನುಗಳಲ್ಲಿ ಮೆಸೇಜ್ ಸೇವೆ ಶುರುವಾಯಿತು. ಐಫೋನ್ 14ರಿಂದ ಈಚಿನವುಗಳಲ್ಲಿ ಸ್ಯಾಟಲೈಟ್ ಮೂಲಕ ತುರ್ತು ಮೆಸೇಜ್ ಕಳಿಸುವ ಸೌಲಭ್ಯ ಇದೆ, ಆದರೆ ಅದು ಭಾರತದಲ್ಲಿ ನಡೆಯುವುದಿಲ್ಲ. ಬಿಎಸ್‌ಎನ್‌ಎಲ್ ಮತ್ತು ಅಮೆರಿಕದ ವಯಾಸ್ಯಾಟ್ ಕಂಪನಿ ಸೇರಿ 2024ರಲ್ಲಿ ಮೊಬೈಲಿನಿಂದ 36 ಸಾವಿರ ಕಿ.ಮೀ. ಮೇಲಿನ ಸ್ಯಾಟಲೈಟಿಗೆ ಮೆಸೇಜ್ ಕಳಿಸಿ ತೋರಿಸಿದವು. ಎಲ್ಲ ಕಡೆ ಮೊದಲು ಬರುವುದು ಮೆಸೇಜ್, ಮಾತು ಆಮೇಲೆ. ಗಮನಿಸಿದಿರಾ? ಕಾರಣ ಜನಸಂದಣಿ. ನೆಲದ ಒಂದು ಟವರ್ ಒಂದು ಬಡಾವಣೆಗೆ. ಸ್ಯಾಟಲೈಟಿನಿಂದ ಟಾರ್ಚಿನ ಬೆಳಕಿನ ಹಾಗೆ ಬರುವ ಒಂದು ರೇಡಿಯೊ ಕಿರಣ ನೆಲದ ಮೇಲೆ ಬೀಳುವುದು ಹತ್ತಾರು ಕಿ.ಮೀ. ಅಗಲಕ್ಕೆ, ಇರಿಡಿಯಂನಲ್ಲಂತೂ ಸುಮಾರು 400 ಕಿ.ಮೀ. ಅಂದರೆ ಮೈಸೂರು, ಮಂಡ್ಯ, ಕೊಡಗು, ಹಾಸನ, ಚಾಮರಾಜನಗರ ಎಲ್ಲ ಒಂದೇ ಟವರಿನ ಕೆಳಗೆ. ಎಲ್ಲರೂ ರೀಲ್ಸ್ ನೋಡಲು ಕೂತರೆ ಮುಗಿಯಿತು. ಸ್ಯಾಟಲೈಟ್ ಬಂದರೆ ಟವರ್ ಬೇಡ ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ. ಜನ ಕಮ್ಮಿ ಇರುವ ಕಡೆ, ಮಾತು ಕಮ್ಮಿ ಇರುವಾಗ, ಅದು ವರ.

ಸರಿ, ನಿಮ್ಮ ಮನೆಗೆ ಏನು ಮಾಡುವುದು? ನನ್ನ ಅಭಿಪ್ರಾಯ ಇದು: ಆಕಾಶದ ಟವರಿಗೆ ಅಪ್ಪನ ಫೋನನ್ನು ಕಳಿಸುವ ಬದಲು, ಮನೆಯ ಹತ್ತಿರಕ್ಕೇ ಒಂದು ಪುಟ್ಟ ಟವರ್ ತನ್ನಿ. ಆ ಟವರ್ ಬೇಕಾದರೆ ಆಕಾಶದ ಜೊತೆ ಮಾತಾಡಿಕೊಳ್ಳಲಿ.

ಇದು ಹೊಸದಲ್ಲ. ಅಂಡಮಾನಿಗೆ ಸಮುದ್ರದ ಕೇಬಲ್ ಬಂದದ್ದು 2020ರ ಆಗಸ್ಟ್‌ನಲ್ಲಿ, ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ. ಅದಕ್ಕೆ ಮೊದಲೂ ಅಲ್ಲಿ ಮೊಬೈಲ್ ಇತ್ತು. ಟವರ್ ಮಾಮೂಲಿಯದೇ, ಅದರ ಬುಡದಲ್ಲಿ ಫೈಬರ್ ಬದಲು ಸ್ಯಾಟಲೈಟ್ ಡಿಶ್. ಡಿಶ್ ದೊಡ್ಡದು, ಒಂದೇ ಕಡೆ ಕೂತಿರುತ್ತದೆ, ಕರೆಂಟ್ ಬೇಕಾದಷ್ಟಿದೆ. ಆದ್ದರಿಂದ ದೂರದ ಭಾರವನ್ನೆಲ್ಲ ಅದೇ ಹೊರುತ್ತದೆ. ಜನರ ಕೈಯಲ್ಲಿರುವುದು ಅಗ್ಗದ ಫೋನ್, ಮನೆಯೊಳಗೂ ರಿಂಗ್ ಆಗುತ್ತದೆ. ಮೊಬೈಲ್ ಸಿಗದ ಊರುಗಳಿಗೆ ಸ್ಯಾಟಲೈಟಿನಿಂದ ಹೆಚ್ಚು ಉಪಕಾರ ಆಗಿರುವುದು ಹೀಗೆ, ಸದ್ದಿಲ್ಲದೆ.

ನಿಮ್ಮ ಕೈಲಾಗುವುದು ಎರಡು ಕೆಲಸ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 4ಜಿ ಇಲ್ಲದ 24,680 ಹಳ್ಳಿಗಳಿಗೆ ಟವರ್ ಹಾಕುವ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕೆಲಸ ಬಿಎಸ್‌ಎನ್‌ಎಲ್‌ದು. ನಿಮ್ಮೂರು ಪಟ್ಟಿಯಲ್ಲಿದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ, ಇಲ್ಲದಿದ್ದರೆ ಸಂಸದರ ಕಚೇರಿಗೆ ಬರೆದು ಕೊಡಿ. ಸುಮ್ನೆ ಹೇಳಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ಸರ್ಕಾರದ ನಿಧಿಯಿಂದ ಹಾಕಿದ ಟವರುಗಳನ್ನು 2025ರ ಜನವರಿಯಿಂದ ಬೇರೆ ಕಂಪನಿಯ ಸಿಮ್ಮಿನವರೂ ಬಳಸುವ ವ್ಯವಸ್ಥೆ ಬಂದಿದೆ. ಹಾಗಾಗಿ ಯಾವ ಕಂಪನಿಯ ಟವರ್ ಅಂತ ಜಗಳ ಬೇಡ.

ಅದು ನಿಧಾನದ ದಾರಿ. ಬೇಗ ಆಗುವುದು ವೈಫೈ ಕಾಲಿಂಗ್. ಮನೆಗೆ ಯಾವುದೇ ದಾರಿಯಲ್ಲಿ ಇಂಟರ್ನೆಟ್ ಬಂದರೂ ಸಾಕು, ಅಪ್ಪನ ಮಾಮೂಲಿ ನಂಬರಿಗೆ ಮಾಮೂಲಿ ಕರೆ ಬರುತ್ತದೆ. ವಾಟ್ಸಾಪ್ ಬೇಡ, ಹೊಸ ನಂಬರ್ ಬೇಡ. ಫೋನಿಗೆ ವೈಫೈ ಪೆಟ್ಟಿಗೆಯೇ ಟವರ್. ನಿಮ್ಮ ಪಂಚಾಯಿತಿ ಕಚೇರಿಗೆ ಫೈಬರ್ ಬಂದಿದ್ದರೆ ಅಲ್ಲಿಂದ ನಿಮ್ಮ ಬೀದಿಗೆ ಎಳೆಯುತ್ತಾರಾ ವಿಚಾರಿಸಿ. ಆನೆ ಓಡಾಡುವ ದಾರಿಯಲ್ಲಿ ಕಂಬದ ಮೇಲಿನ ತಂತಿ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಫೈಬರ್ ಆಗದಿದ್ದರೆ ಸ್ಯಾಟಲೈಟ್ ಬ್ರಾಡ್‌ಬ್ಯಾಂಡ್. ಸೂರಿನ ಮೇಲೆ ಡಿಶ್, ಕೆಳಗೆ ವೈಫೈ. ಇಸ್ರೋ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ 36ರಂತೆ ಹಾರಿಸಿದ ಒನ್‌ವೆಬ್ ಸ್ಯಾಟಲೈಟುಗಳು ಇದಕ್ಕೇ ಇರುವಂಥವು. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದ ಪರವಾನಗಿ ಸಿಕ್ಕಿತು. ಪರವಾನಗಿ ಬೇರೆ, ಮನೆಗೆ ಬರುವ ಸೇವೆ ಬೇರೆ. ತರಂಗಾಂತರ ಹಂಚಿಕೆ, ಗೇಟ್‌ವೇ, ಭದ್ರತಾ ಪರೀಕ್ಷೆ ಎಲ್ಲ ಮುಗಿಯಬೇಕು. "ಮುಂಗಡ ಕೊಡಿ, ಕನೆಕ್ಷನ್ ಕೊಡಿಸುತ್ತೇನೆ" ಅಂತ ಯಾರಾದರೂ ಬಂದರೆ ಕಾಸು ಬಿಚ್ಚಬೇಡಿ.

ಅಲ್ಲಿಯ ತನಕ ಎರಡು ವಿಷಯ ಮನೆಯವರಿಗೆ ತಿಳಿದಿರಲಿ. ಫೋನಿನಲ್ಲಿ ನಿಮ್ಮ ಕಂಪನಿಯ ಹೆಸರು ಹೋಗಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬಂದರೆ ಬೇರೆ ಯಾರದೋ ಟವರ್ ಸಿಗುತ್ತಿದೆ ಅಂತ ಅರ್ಥ, 112 ಒತ್ತಿದರೆ ಹೋಗುತ್ತದೆ. ಇನ್ನೊಂದು, ಹತ್ತಿರದ ಅರಣ್ಯ ಇಲಾಖೆಯ ಕಳ್ಳಬೇಟೆ ತಡೆ ಶಿಬಿರದಲ್ಲಿ ವೈರ್‌ಲೆಸ್ ಇರುತ್ತದೆ. ಅಲ್ಲಿನ ವಾಚರುಗಳ ಪರಿಚಯ ಇಟ್ಟುಕೊಳ್ಳಿ.

ವೈಫೈ ಕಾಲಿಂಗ್ ಎಲ್ಲ ಫೋನಿನಲ್ಲೂ ಇರುವುದಿಲ್ಲ. ಊರಿಗೆ ಒಯ್ಯುವ ಮೊದಲು ಮೈಸೂರಿನಲ್ಲೇ ಪರೀಕ್ಷೆ ಮಾಡಿ. ಅಪ್ಪನ ಸಿಮ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಪಕ್ಕದ ಕೋಣೆಯಿಂದ ಆ ನಂಬರಿಗೆ ಕರೆ ಮಾಡಿ. ರಿಂಗ್ ಆದರೆ ಅದೇ ಫೋನ್ ಒಯ್ಯಿರಿ. ವೈಫೈ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ಪನ್ನೂ ಜೊತೆಗೆ ತೆಗೆದುಕೊಳ್ಳಿ, ಕಾಡಂಚಿನಲ್ಲಿ ಗಾಳಿ ಎದ್ದ ರಾತ್ರಿ ಮೊದಲು ಹೋಗುವುದು ಕರೆಂಟು.